ಸಾಹೇಬರು ಉಮೇದು ಅಳೆದ ದಿನ

ನಿಜಾಮರ ಕಾಲದಲ್ಲಿ ನಾನು ಕುಷ್ಟಗಿಯ ಕಡೆ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ವರ್ಷಕ್ಕೊಮ್ಮೆ ತಪಾಸಣೆಯ ಸಾಹೇಬರು ಬರುತ್ತಿದ್ದರು. ಅವರಿಗೆಂದೇ ನಾವು ಒಂದು ಪಾಠವನ್ನು ಮಕ್ಕಳಿಂದ ತಿಂಗಳುಗಟ್ಟಲೆ ಉರು ಹೊಡೆಸಿ ಇಟ್ಟಿರುತ್ತಿದ್ದೆವು. ಪುಸ್ತಕ ಕೈಗೆತ್ತಿಕೊಂಡರೆ ಅದೇ ಪುಟ ತಾನಾಗಿ ತೆರೆದುಕೊಳ್ಳುತ್ತಿತ್ತು. ಸಾಹೇಬರಿಗೂ ಇದು ಗೊತ್ತಿತ್ತು. ಎಲ್ಲರೂ ಕೂಡಿ ಆಡಿದ ಆ ನಾಟಕ ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ವರ್ಷ ಸಾಹೇಬರು ಹೊಸದೊಂದು ಕಾಗದ ತಂದರು. ಮಾಸ್ತರರಿಗೆ ಕೆಲಸದಲ್ಲಿ ಉಮೇದು ಎಷ್ಟಿದೆ, ಯಾತರಿಂದ ಬಂದಿದೆ ಎಂದು ಅಳೆಯಬೇಕಂತೆ. ಅದೇನು ಕಣದಲ್ಲಿ ಬಿದ್ದ ಜೋಳವೇ, ಸೇರಿನಲ್ಲಿ ಅಳೆಯಲು? ಕಾಗದದಲ್ಲಿ ಮೂರು ಖಾನೆಗಳಿದ್ದವು: ಪಗಾರ, ಮರ್ಯಾದೆ, ಸರಕಾರದ ಮೇಲಿನ ನಿಷ್ಠೆ. ನಾನು ಮೂರನೆಯದಕ್ಕೆ ಬೆರಳಿಟ್ಟೆ. ಹಸಿ ಸುಳ್ಳು. ಉರು ಹೊಡೆಸಿದ ಪಾಠವನ್ನೂ ಮಕ್ಕಳಿಂದ ಒಪ್ಪಿಸಿದೆ.

ಪಕ್ಕದ ತರಗತಿಯಲ್ಲಿ ನನಗಿಂತ ಹಿರಿಯ ಮಾಸ್ತರರೊಬ್ಬರಿದ್ದರು. ಅವರು ಅಂದೂ ಹಿಂದಿನ ದಿನ ಬಿಟ್ಟಲ್ಲಿಂದಲೇ ಶುರುಮಾಡಿದರು. ಭಿನ್ನರಾಶಿಯ ಹೊಸ ಲೆಕ್ಕ. ಹಲಗೆಯ ಬಳಿ ಬಂದ ಮಕ್ಕಳೆಲ್ಲ ತಪ್ಪಿದರು. ಮಾಸ್ತರರು ತಮ್ಮ ಬುತ್ತಿಯ ರೊಟ್ಟಿಯನ್ನೇ ತೆಗೆದು, ಮುರಿದು ತೋರಿಸುತ್ತ, ಸಾಹೇಬರು ನಿಂತಿರುವುದನ್ನೂ ಮರೆತರು.

“ಈ ಮೂರರಾಗ ನಿಮ್ಮದು ಯಾವುದು, ಹೇಳ್ರಿ,” ಎಂದು ಸಾಹೇಬರು ಕಾಗದ ಚಾಚಿದರು.

“ಯಾವುದೂ ಅಲ್ರಿ. ತಿಳೀಲಾರದ ಹುಡುಗಗ ತಿಳೀತು ಅಂದ್ರ ನನಗ ಭಾಳ ಛಲೋ ಅನಸ್ತೈತಿ. ಅಷ್ಟ.”

“ಅದಕ್ಕ ಖಾನೆ ಇಲ್ಲ.”

“ಹಂಗಾರ ಖಾಲಿ ಬಿಡ್ರಿ,” ಎಂದರು ಮಾಸ್ತರರು.

ಖಾಲಿ ಬಿಟ್ಟರೆ ಉಮೇದಿಲ್ಲವೆಂದು ಅರ್ಥವಂತೆ. ತಿಂಗಳೊಳಗೆ ಅವರನ್ನು ತೆಲುಗು ಸೀಮೆಗೆ ಎತ್ತಿಹಾಕಿದರು. ತೆಲುಗಿನ ಒಂದಕ್ಷರ ಬಾರದ ಮನುಷ್ಯ ಅಲ್ಲಿ ಯಾರಿಗೆ ಏನು ತಿಳಿಸಬೇಕು? ಮಕ್ಕಳಿಗೆ ತಿಳಿಸುವುದೊಂದೇ ಅವರ ಬದುಕಾಗಿತ್ತು; ಅದನ್ನೇ ಕಿತ್ತುಕೊಂಡರು. ಸಾಹೇಬರಿಗೆ ನಾನೊಂದು ಮಾತು ಹೇಳಬಹುದಿತ್ತು. ಹೇಡಿ, ಬಾಯಿ ಬಿಡಲಿಲ್ಲ. ಬಂಡಿ ಹತ್ತುವಾಗ ಆ ಮಾಸ್ತರರು ನನ್ನ ಮೇಲೆ ಸಿಟ್ಟಾಗಲೂ ಇಲ್ಲ.

“ಭಿನ್ನರಾಶಿ ಅರ್ಧಕ್ಕ ನಿಂತೈತ್ರಿ. ನೋಡ್ಕೋರಿ,” ಎಂದರು.

ಉಮೇದು ಹೆಚ್ಚೆಂದು ಬರೆಸಿಕೊಂಡ ನನಗೇ ಅವರ ತರಗತಿ ಬಂತು. ಮೊದಲ ದಿನ, ಅಂದು ತಪ್ಪಿದ್ದ ಲೆಕ್ಕವನ್ನೇ ಹಲಗೆಯ ಮೇಲೆ ಬರೆದೆ. ಸಾಹೇಬರ ಮುಂದೆ ತಡವರಿಸಿದ್ದ ಮಕ್ಕಳು ಒಬ್ಬೊಬ್ಬರಾಗಿ ಬಂದು ಸರಾಗವಾಗಿ ಬಿಡಿಸಿದರು.

“ಮುಂದಿಂದು ಹೇಳಿಕೊಡ್ರಿ,” ಎಂದು ಕೇಳಿದರು.

ಮುಂದಿನದನ್ನು ನಾನು ಪುಸ್ತಕ ತೆರೆದು ಕೂಡ ನೋಡಿರಲಿಲ್ಲ.