ರಘೋತ್ತಮರಾಯರ ಡ್ರೈವರ್
ಕಾರ್ಖಾನೆಯ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡು ತಯಾರಿಸುತ್ತಿದ್ದ ಔರಂಗಾಬಾದಿನ ಕಂಪನಿ ಬಾಗಿಲು ಮುಚ್ಚಿ ಹನ್ನೆರಡು ವರ್ಷವಾದರೂ, ಆ ಕಾರ್ಡಿನ ಮಾತನ್ನು ಕಂಪ್ಯೂಟರ್ ನಡೆಸುವ ಲಿನಕ್ಸಿಗೆ ತಿಳಿಸುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶ ಇನ್ನೂ ಬದುಕಿರುವುದು ನಾಶಿಕದ ರಘೋತ್ತಮರಾಯರಿಂದ. ಎರಡು ಮೂರು ತಿಂಗಳಿಗೊಮ್ಮೆ ಲಿನಕ್ಸಿನ ತಿರುಳಾದ ಕರ್ನೆಲ್ಲಿನ ಹೊಸ ಆವೃತ್ತಿ ಬಂತೆಂದರೆ ಅವರು ಸ್ನಾನ ಮಾಡಿ, ಅವಲಕ್ಕಿ ಡಬ್ಬಿಯಿಂದ ತಮ್ಮ ಕಾರ್ಡು ತೆಗೆದು, ಹಳೆಯ ಧೋತರದ ತುಂಡಿನಿಂದ ಒರೆಸಿ, ಕಂಪ್ಯೂಟರಿಗೆ ಸಿಕ್ಕಿಸುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ರಂಜನಿ ಆ ಡಬ್ಬಿಯಲ್ಲಿ ಅವಲಕ್ಕಿ ಹುಡುಕಿದ್ದಳು. ಈಗ ಅದರ ಮುಂದೆ ಗಟ್ಟಿಯಾಗಿ ಮಾತನಾಡುವುದಕ್ಕೂ ಹಿಂಜರಿಯುತ್ತಾಳೆ. ಕರ್ನೆಲ್ಲಿನಲ್ಲಿ ಯಾರೋ ಒಂದು ಹೆಸರು ಬದಲಿಸಿದರೆ ಇಲ್ಲಿ ರಾಯರು ಒಂದು ಸಾಲು ತಿದ್ದಿ ಮೂರು ದಿನ ಪರೀಕ್ಷಿಸುತ್ತಾರೆ. ಊಟಕ್ಕೆ ಕರೆದರೆ, "ಬಂದೆ, ಬೂಟ್ ಆಗ್ಲಿ" ಎನ್ನುತ್ತಾರೆ. ಮನ್ಮಾಡಿಗೆ ನೆಂಟರ ಮದುವೆಗೆ ಹೋದಾಗಲೂ ಡಬ್ಬಿ ಚೀಲದಲ್ಲಿತ್ತು. ಈ ಸಲ ಪರದೇಶದಿಂದ, ಕರ್ನೆಲ್ ನೋಡಿಕೊಳ್ಳುವವರ ಒಂದು ಮೇಲ್ ಬಂತು: ಯಾರೂ ಬಳಸದಿದ್ದರೆ ಈ ಡ್ರೈವರನ್ನು ತೆಗೆದುಹಾಕೋಣವೇ? ರಂಜನಿ ಮೆಲ್ಲಗೆ ಕೇಳಿದಳು, "ಮಾವಾರ, ಖರೇನ ಇದನ್ನ ಯಾರರ ಬಳಸ್ತಾರೇನ್ರಿ?" "ಗೊತ್ತಿಲ್ಲವ್ವಾ," ಎಂದರು ರಾಯರು, ಕಾರ್ಡು ಒರೆಸುತ್ತಲೇ. "ಕೆಟ್ಟಿದ್ರ ಯಾರರ ಬರದು ಬೈತಿದ್ರು. ಹನ್ನೆರಡು ವರ್ಷ ಆತು, ಒಬ್ಬರೂ ಬೈದಿಲ್ಲ."