ಹದಿನಾರು ಗುಂಡಿಯ ತಬಲಾ

ನಲವತ್ತು ವರ್ಷ ತಬಲಾ ನುಡಿಸಿದವನಿಗೆ ಯಾರಾದರೂ ‘ನೀವು ಸುಮ್ಮನ ಬಂದು ಕುಂತ್ರ ಸಾಕ್ರಿ’ ಎಂದರೆ ಅದು ಮರ್ಯಾದೆಯೋ ಬೀಳ್ಕೊಡುಗೆಯೋ ತಿಳಿಯದಷ್ಟು ದಡ್ಡ ನಾನಲ್ಲ. ಹೇಳಿದವರು ನಮ್ಮ ಭಜನಾ ಮಂಡಳಿಯ ಮುಖ್ಯ ಗಾಯಕಿ. ವಿಜಯಪುರದ ಕಡೆಯವರು, ನನಗಿಂತ ಎರಡು ವರ್ಷ ದೊಡ್ಡವರು, ಜಾಲಹಳ್ಳಿಯ ಕಾರ್ಖಾನೆಯಲ್ಲಿ ನನ್ನ ಪಕ್ಕದ ವಿಭಾಗದಲ್ಲಿದ್ದವರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಅದಕ್ಕೇ ನನಗೆ ಇನ್ನೂ ಹೆಚ್ಚು ಉರಿಯಿತು.

ಕೈ ನಡುಗಲು ಶುರುವಾಗಿ ಆಗ ಒಂದು ವರ್ಷವಾಗಿತ್ತು. ಮೊದಮೊದಲು ಕಾಫಿ ಲೋಟ ಮಾತ್ರ ತುಳುಕುತ್ತಿತ್ತು. ಆಮೇಲೆ ತಬಲಾದ ಮೇಲೆ ಒಂದು ಪೆಟ್ಟು ಬೀಳಬೇಕಾದ ಕಡೆ ಎರಡು ಬೀಳತೊಡಗಿದವು. ವಯಸ್ಸಿಗೆ ಬರುವ ನಡುಕ, ಅಪಾಯವೇನೂ ಇಲ್ಲ ಎಂದರು ಡಾಕ್ಟರು. ಅಪಾಯವಿಲ್ಲ, ಒಪ್ಪಿದೆ. ಶನಿವಾರ ಸಂಜೆ ಮಂಡಳಿಯೆದುರು ಕೂರಬೇಕಾದವರು ಅವರಲ್ಲವಲ್ಲ.

ನಮ್ಮ ಮಂಡಳಿ ಹುಟ್ಟಿದ್ದು ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ. ನಿವೃತ್ತರಾದ ಮೇಲೆ ಒಬ್ಬೊಬ್ಬರು ಒಂದೊಂದು ಕಡೆ ಮನೆ ಮಾಡಿಕೊಂಡೆವು. ಜಾಲಹಳ್ಳಿಯ ಹತ್ತಿರದ ಸಿಂಗಾಪುರ ಬಡಾವಣೆಯಲ್ಲಿ ಕೆಲವರು, ಕೊಡಿಗೇಹಳ್ಳಿಯಲ್ಲಿ ಕೆಲವರು, ನಾವು ಯಲಹಂಕದಲ್ಲಿ. ಶನಿವಾರಕ್ಕೊಂದು ಮನೆಯಂತೆ ಭಜನೆ ಮಾತ್ರ ನಿಲ್ಲಲಿಲ್ಲ. ಅದಕ್ಕೊಂದು ಕ್ರಮವಿತ್ತು. ಪಲ್ಲವಿಯನ್ನು ನಿಧಾನವಾಗಿ ಹಿಡಿಯುವುದು, ಮೂರನೆಯ ಚರಣದಿಂದ ಕಾಲ ಏರಿಸುತ್ತಾ ಹೋಗುವುದು, ಕೊನೆಗೆ ಮನೆಯ ಕಿಟಕಿ ಅದುರುವಷ್ಟು ಜೋರಾಗಿ ಚಪ್ಪಾಳೆ ತಟ್ಟಿ ಹಾಡುವುದು. ಯಾವಾಗ ಏರಿಸಬೇಕೆಂಬುದು ತಬಲಾದವನ ಕೈಯಲ್ಲಿತ್ತು. ಗಾಯಕಿ ಕತ್ತನ್ನು ಒಂದಿಷ್ಟು ಮೇಲೆತ್ತಿದರೆ ಅವರು ಸಿದ್ಧ ಎಂದು ನನಗೆ ಗೊತ್ತಾಗುತ್ತಿತ್ತು.

ನನಗೆ ಇನ್ನೊಂದು ಚಾಳಿಯೂ ಇತ್ತು. ಹಾಡು ಮುಗಿಸಿ ಎಲ್ಲರೂ ಉಸಿರು ಬಿಡುವ ಹೊತ್ತಿಗೆ ನಾನು ಮತ್ತೆ ಠೇಕಾ, ಅಂದರೆ ತಾಳದ ಬಡಿತ, ಎತ್ತಿಕೊಂಡು ಇನ್ನೊಂದು ಸುತ್ತು ಪಲ್ಲವಿ ಹಾಡಿಸಿಬಿಡುತ್ತಿದ್ದೆ. ಗಾಯಕಿ ಹಾಡುತ್ತಲೇ ಕಣ್ಣು ಕೆಕ್ಕರಿಸುತ್ತಿದ್ದರು, ಮುಗಿದ ಮೇಲೆ ಎಲ್ಲರೆದುರು ಬೈಯುತ್ತಿದ್ದರು. ಆ ಬೈಗುಳ ಕೇಳದೆ ನನ್ನ ಶನಿವಾರ ಮುಗಿಯುತ್ತಿರಲಿಲ್ಲ.

ನನ್ನ ಜಾಗಕ್ಕೆ ಮನುಷ್ಯರು ಬಂದಿದ್ದರೆ ಜಗಳವಾದರೂ ಆಡಬಹುದಿತ್ತು. ಬಂದದ್ದು ಮೊಬೈಲಿನ ತಬಲಾ ಆ್ಯಪ್. ಅದು ಮೊದಲಿನಿಂದ ಕೊನೆಯವರೆಗೆ ಒಂದೇ ಕಾಲದಲ್ಲಿ ಬಡಿಯುತ್ತಿತ್ತು. ಮಂಡಳಿಯವರು ಅದಕ್ಕೆ ಹೊಂದಿಕೊಂಡು ಏರಿಸುವುದನ್ನೇ ಬಿಟ್ಟರು. ಎರಡು ಶನಿವಾರ ಸುಮ್ಮನೆ ಕೂತು ನೋಡಿದೆ. ಮೂರನೆಯ ಶನಿವಾರದಿಂದ ಮಂಡಿನೋವು ಎಂದು ಹೇಳಿ ತಿಂಗಳುಗಟ್ಟಲೆ ಮನೆಯಲ್ಲೇ ಉಳಿದೆ, ಹೆಂಡತಿ ಒಬ್ಬಳೇ ಹೋಗಿಬರುತ್ತಿದ್ದಳು. ನಿಜಕ್ಕೂ ನನ್ನ ಮಂಡಿ ಕಲ್ಲುಗುಂಡಿನ ಹಾಗೆ ಗಟ್ಟಿಮುಟ್ಟಾಗಿತ್ತು.

ಆರ್.ಟಿ. ನಗರದಲ್ಲಿ ನನಗೊಬ್ಬರು ಹಳೆಯ ಸ್ನೇಹಿತರಿದ್ದಾರೆ. ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಾರೆ. ಮನೆಯಲ್ಲಿ ಉರ್ದು ಮಾತು, ನನ್ನೊಡನೆ ನನಗಿಂತ ಸೊಗಸಾದ ಕನ್ನಡ. ನಾನು ಅವರನ್ನು ಭಾಯ್ ಎನ್ನುತ್ತೇನೆ, ಅವರು ನನ್ನನ್ನು ಸಾರ್ ಎನ್ನುತ್ತಾರೆ. ನನ್ನ ಗೋಳನ್ನು ಪೂರ್ತಿ ಕೇಳಿಸಿಕೊಂಡು, ಮರುದಿನ ಬೇರೆ ಬೇರೆ ವಾದ್ಯಗಳ ಸದ್ದು ಹೊರಡಿಸುವ ಒಂದು ಸಿಂಥಸೈಜರನ್ನು ತಂದು ನಮ್ಮ ಊಟದ ಮೇಜಿನ ಮೇಲಿಟ್ಟರು. ಇದನ್ನು ಇಟ್ಟುಕೊಳ್ಳಿ, ಸಾಕೆನಿಸಿದಾಗ ಕೊಡಿ ಎಂದರು. ನೋಡಿದರೆ ಕಪ್ಪು ಪೆಟ್ಟಿಗೆ. ಮೇಲೆ ತಿರುಗಿಸುವ ನಾಬುಗಳು, ಕೆಳಗೆ ಒಂದೇ ಸಾಲಿನಲ್ಲಿ ಹದಿನಾರು ಗುಂಡಿ.

ಆ ಸಾಲಿಗೆ ಸ್ಟೆಪ್ ಸೀಕ್ವೆನ್ಸರ್ ಎಂದು ಹೆಸರಂತೆ. ತಾಳದ ಒಂದು ಸುತ್ತನ್ನು ಅದು ಹದಿನಾರು ಮನೆಯಾಗಿ ಮಾಡಿಕೊಂಡಿರುತ್ತದೆ. ಯಾವ ಮನೆಯಲ್ಲಿ ಪೆಟ್ಟು ಬೇಕೋ ಆ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಬೇಡವೆಂದು ಇನ್ನೊಮ್ಮೆ ಒತ್ತಿದರೆ ಆರುತ್ತದೆ. ಆಮೇಲೆ ಪೆಟ್ಟಿಗೆ ತಾನೇ ಮನೆಯಿಂದ ಮನೆಗೆ ನಡೆಯುತ್ತಾ ದೀಪವಿರುವ ಕಡೆಯೆಲ್ಲ ಬಾರಿಸುತ್ತದೆ. ಇದೆಲ್ಲ ನನ್ನ ತಲೆಗೆ ಹತ್ತಲಿಲ್ಲ. ಹತ್ತಿದ್ದು ಭಾಯ್ ಹೊರಡುವಾಗ ಹೇಳಿದ ಮಾತು.

“ಇವತ್ತೊಂದು, ನಾಳೆ ಒಂದು ಒತ್ತಿದ್ರೂ ನಡೆಯುತ್ತೆ ಸಾರ್. ಟೈಮಿಂಗ್ ಅದು ನೋಡ್ಕೊಳ್ಳುತ್ತೆ.”

ಕೈ ಬರುವವರೆಗೂ ತಾಳ ಕಾಯುತ್ತದೆ ಎಂದಾಯಿತು. ಅಂಥದ್ದೊಂದು ಲೋಕದಲ್ಲಿ ಇರಬಹುದೆಂದು ನಾನು ಎಣಿಸಿರಲಿಲ್ಲ.

ಎಣಿಸಿದಷ್ಟು ಸುಲಭವಾಗಿಯೂ ಇರಲಿಲ್ಲ. ನಾನು ಒತ್ತಿದ ಗುಂಡಿಯ ದೀಪ ಹತ್ತುತ್ತಲೇ ಇರಲಿಲ್ಲ, ಹತ್ತಿದರೆ ಪಕ್ಕದ್ದು ಆರುತ್ತಿತ್ತು. ಪೆಟ್ಟಿಗೆ ಕೆಟ್ಟಿದೆ ಎಂದು ಒಂದು ಬೆಳಗ್ಗೆಯೆಲ್ಲ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. ಆಕೆ ಅದೇ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ತಪ್ಪು ಹುಡುಕಿ ನಿವೃತ್ತಳಾದವಳು. ಈಗ ಆ ಕೆಲಸವನ್ನು ಸಂಬಳವಿಲ್ಲದೆ ನನ್ನ ಮೇಲೆ ಮುಂದುವರಿಸಿದ್ದಾಳೆ. ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತು ಐದು ನಿಮಿಷ ನನ್ನ ಬೆರಳನ್ನೇ ನೋಡಿದಳು.

ತಪ್ಪು ಸಿಕ್ಕಿತು. ಬೆರಳು ನಡುಗಿ ಗುಂಡಿಯನ್ನು ಎರಡು ಸಲ ಒತ್ತುತ್ತಿತ್ತು, ಕೆಲವೊಮ್ಮೆ ಪಕ್ಕದ್ದಕ್ಕೂ ತಗಲುತ್ತಿತ್ತು. ನಾನೇ ಹತ್ತಿಸಿ ನಾನೇ ಆರಿಸುತ್ತಿದ್ದೆ. ಮೊಣಕೈಯನ್ನು ಮೇಜಿಗೆ ಊರಿ, ಕೈ ಮುಷ್ಟಿ ಮಾಡಿ, ತೋರುಬೆರಳಿನ ಗೆಣ್ಣಿನಿಂದ ಒತ್ತಿ ನೋಡಿ ಎಂದಳು. ಒತ್ತಿದೆ. ದೀಪ ಹತ್ತಿತು, ಹತ್ತಿಕೊಂಡೇ ಇತ್ತು.

ಇನ್ನು ಠೇಕಾ ಕೂರಿಸಬೇಕು. ಅದು ನನ್ನ ಬಾಯಲ್ಲಿ ನೀರು ಕುಡಿದಷ್ಟು ಸಲೀಸು. ಧಾ ಗೆ ನಾ ತಿ, ನಾ ಕ ಧಿ ನಾ. ಎಂಟು ಅಕ್ಷರ, ಒಂದೊಂದಕ್ಕೆ ಎರಡೆರಡು ಮನೆ. ಆದರೆ ಧಾ ಎಂದರೆ ಎರಡು ಕೈಯೂ ಒಟ್ಟಿಗೆ ಬೀಳುವ ಪೆಟ್ಟು. ಪೆಟ್ಟಿಗೆಯಲ್ಲಿ ಬಲಗೈಯ ಸದ್ದಿಗೇ ಒಂದು ಸುತ್ತು, ಎಡಗೈಯ ಡಗ್ಗಾ ಸದ್ದಿಗೇ ಇನ್ನೊಂದು ಸುತ್ತು. ಎಡಗೈ ಎಲ್ಲೆಲ್ಲಿ ಬೀಳುತ್ತದೆ ಎಂದು ಹೆಂಡತಿ ಕೇಳಿದಳು. ನನಗೆ ಹೇಳಲು ಬರಲಿಲ್ಲ. ನಲವತ್ತು ವರ್ಷ ನನ್ನ ಎಡಗೈ ನನ್ನನ್ನು ಕೇಳದೆಯೇ ಕೆಲಸ ಮಾಡಿಕೊಂಡು ಬಂದಿತ್ತು.

ಚೌಕುಳಿಯ ಹಾಳೆ ತಂದು ಹದಿನಾರು ಮನೆ ಗೆರೆ ಎಳೆದಳು. ನೀವು ತೊಡೆಯ ಮೇಲೆ ನುಡಿಸಿ, ನಾನು ನೋಡಿ ಚುಕ್ಕಿ ಇಡುತ್ತೇನೆ ಎಂದಳು. ನನಗೆ ನಾಚಿಕೆಯಾಯಿತು. ಈ ನಡುಗುವ ಕೈಯಲ್ಲಿ ಏನು ನೋಡುತ್ತೀಯ, ಬೇಡದ ಪೆಟ್ಟೇ ಹೆಚ್ಚು ಬೀಳುತ್ತದೆ ಎಂದೆ.

“ನಡುಗಿದ್ದು ಯಾವ್ದು, ನುಡಿಸಿದ್ದು ಯಾವ್ದು ಅಂತ ನಂಗೊತ್ತಾಗತ್ತೆ ಕಣ್ರೀ,” ಎಂದಳು.

ನುಡಿಸಿದೆ. ಹತ್ತಿಪ್ಪತ್ತು ಸುತ್ತು ನುಡಿಸಿದೆ. ಬೆಳಗಿನ ರಂಗೋಲಿಗೆ ಚುಕ್ಕಿ ಇಡುವ ಹಾಗೆ ಆಕೆ ತಲೆ ತಗ್ಗಿಸಿ ಇಡುತ್ತಾ ಹೋದಳು. ಹಾಳೆ ನೋಡಿದರೆ ಕೊನೆಯ ಮನೆಯಲ್ಲಿ ಎಡಗೈಗೆ ಒಂದು ಚುಕ್ಕಿ ಹೆಚ್ಚಾಗಿತ್ತು. ಅದು ನಡುಕವೇ ಇರಬೇಕೆಂದು ವಾದಿಸಿದೆ. ಪ್ರತಿ ಸುತ್ತಿನಲ್ಲೂ ಅದೇ ಮನೆಯಲ್ಲಿ ಬೀಳುವುದು ನಡುಕ ಹೇಗಾಗುತ್ತದೆ ಎಂದಳು. ಇನ್ನೊಂದು ಸುತ್ತಿಗೆ ನೂಕುವ ಪೆಟ್ಟು ಅದು. ಗುರುಗಳು ಹೇಳಿಕೊಟ್ಟದ್ದಲ್ಲ, ಯಾವ ವರ್ಷ ಸೇರಿಕೊಂಡಿತೋ ನನಗೂ ಗೊತ್ತಿಲ್ಲ.

ಚುಕ್ಕಿ ನೋಡಿಕೊಂಡು ಗುಂಡಿ ಒತ್ತಿ ಮುಗಿಸಲು ಅರ್ಧ ಗಂಟೆ ಹಿಡಿಯಿತು. ಶುರುಮಾಡುವ ಗುಂಡಿ ಒತ್ತಿದೆ. ದೀಪಗಳು ನಡೆದವು, ನನ್ನ ಠೇಕಾ ನಮ್ಮ ಊಟದ ಮೇಜಿನ ಮೇಲೆ ನುಡಿಯಿತು. ನಾನು ಕೈ ಕಟ್ಟಿಕೊಂಡು ಕೂತಿದ್ದೆ, ಅದು ನುಡಿಯುತ್ತಿತ್ತು. ಸಂತೋಷವನ್ನು ತೋರಿಸಿಕೊಳ್ಳಬಾರದೆಂದು ಡಗ್ಗಾ ತಗಡು ಬಡಿದಂತಿದೆ ಎಂದು ದೂರಿದೆ.

ಆ ಶನಿವಾರ ಭಜನೆ ಕೊಡಿಗೇಹಳ್ಳಿಯ ಒಂದು ಮನೆಯಲ್ಲಿ. ಪೆಟ್ಟಿಗೆಯನ್ನು ತಬಲಾದ ಹಳೆಯ ಚೀಲದಲ್ಲೇ ಹಾಕಿಕೊಂಡೆ. ಸ್ಕೂಟರ್ ಓಡಿಸುವುದು ಈಗ ಹೆಂಡತಿಯ ಕೆಲಸ, ನಾನು ಹಿಂದೆ ಚೀಲ ಅಪ್ಪಿಕೊಂಡು ಕೂರುವವನು. ಮಂಡಳಿಯವರು ನಗುತ್ತಾ ಜಾಗ ಬಿಟ್ಟುಕೊಟ್ಟರು. ಪಲ್ಲವಿ ಚೆನ್ನಾಗಿ ಹೋಯಿತು, ಎರಡು ಚರಣವೂ ಹೋದವು. ಮೂರನೆಯ ಚರಣಕ್ಕೆ ಗಾಯಕಿ ಕತ್ತು ಎತ್ತಿದರು. ಎಲ್ಲರೂ ಏರಿಸಿದರು, ಪೆಟ್ಟಿಗೆ ಏರಿಸಲಿಲ್ಲ. ಅವರು ಮುಂದೆ, ಪೆಟ್ಟಿಗೆ ಹಿಂದೆ. ಏನು ಮಾಡಲೂ ತೋಚದೆ ನಾನು ನಿಲ್ಲಿಸಿಬಿಟ್ಟೆ. ಹಾಡೂ ನಿಂತಿತು. ಯಾರೋ ಮೊಬೈಲನ್ನು ಸ್ಪೀಕರಿಗೆ ಜೋಡಿಸಿದರು.

ವಾಪಸು ಬರುವಾಗ ಏರ್‌ಪೋರ್ಟ್ ರಸ್ತೆಯ ಗದ್ದಲದಲ್ಲಿ ನಾನು ಹಿಂದಿನಿಂದ ಕಿರುಚಿದೆ. ಇದನ್ನು ನಾಳೆಯೇ ಭಾಯ್‌ಗೆ ಕೊಟ್ಟುಬಿಡುತ್ತೇನೆ, ಇನ್ನು ನನ್ನನ್ನು ಭಜನೆಗೆ ಕರೆಯಬೇಡ ಎಂದೆ. ಆಕೆ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿ ತಿರುಗಿದಳು.

“ಆ ಮೊಬೈಲ್ ಮುಂದೆ ಆರು ತಿಂಗಳಿಂದ ಯಾರೂ ಏರ್ಸಿಲ್ಲ. ಇವತ್ತು ಯಾಕ್ ಏರ್ಸಿದ್ರು? ನಿಮ್ಮನ್ನ ನೋಡಿ ಏರ್ಸಿದ್ರು.”

ಸಿಗ್ನಲ್ ಹಸಿರಾಯಿತು.

ಮರುದಿನ ಭಾಯ್‌ಗೆ ಫೋನ್ ಮಾಡಿದೆ. ಪೆಟ್ಟಿಗೆ ನುಡಿಯುತ್ತಿರುವಾಗಲೇ ಎಡತುದಿಯ ನಾಬ್ ತಿರುಗಿಸಿದರೆ ಕಾಲ ಏರುತ್ತದೆ, ಇದನ್ನು ಮೊದಲ ದಿನವೇ ಹೇಳಿದ್ದೆನಲ್ಲ ಎಂದರು. ಹೇಳಿದ್ದಿರಬಹುದು. ತಿರುಗಿಸಿ ನೋಡಿದೆ. ಏರುತ್ತಿತ್ತು, ನೆಟ್ಟಗೆ ಮಾತ್ರ ಏರುತ್ತಿರಲಿಲ್ಲ. ಗುಂಡಿಗಾದರೆ ಗೆಣ್ಣು ನಡೆಯುತ್ತಿತ್ತು, ನಾಬ್ ಹಿಡಿಯಲು ಬೆರಳುಗಳೇ ಬೇಕು, ಬೆರಳುಗಳು ನಡುಗುತ್ತಿದ್ದವು. ಪೆಟ್ಟಿಗೆಯ ಪುಟ್ಟ ಪರದೆಯ ಮೇಲೆ ಕಾಲದ ಅಂಕಿ ಎಂಬತ್ತೆಂಟು, ಎಂಬತ್ತೊಂಬತ್ತು, ಮತ್ತೆ ಎಂಬತ್ತೇಳು, ತೊಂಬತ್ತು. ವಾರವೆಲ್ಲ ಸಾಧನೆ ಮಾಡಿದೆ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ನೋಡಿದೆ, ಎರಡೂ ಸೇರಿ ನಡುಗಿದವು. ಹೆಂಡತಿಗೂ ಇದಕ್ಕೆ ಉಪಾಯ ಹೊಳೆಯಲಿಲ್ಲ. ಹೋಗೋಣ, ಆದದ್ದಾಗಲಿ ಎಂದಳು.

ಮುಂದಿನ ಶನಿವಾರ ಸಿಂಗಾಪುರದಲ್ಲಿ, ಗಾಯಕಿಯ ಮನೆಯಲ್ಲೇ. ಮೊಬೈಲು ಸ್ಪೀಕರಿನ ಪಕ್ಕದಲ್ಲಿ ಸಿದ್ಧವಾಗಿ ಕೂತಿತ್ತು. ಇವತ್ತೂ ನಿಂತರೆ ಮತ್ತೆ ಈ ಮಂಡಳಿಯ ಜಮಖಾನೆ ತುಳಿಯುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದೆ. ಪಲ್ಲವಿ ಆಯಿತು, ಎರಡು ಚರಣ ಆದವು. ಗಾಯಕಿ ಈ ಸಲ ನನ್ನ ಕಡೆ ನೋಡಲೋ ಬೇಡವೋ ಎಂಬಂತೆ ನೋಡಿ, ಕತ್ತು ಎತ್ತಿದರು.

ನಾಬ್ ಹಿಡಿದೆ. ಕೈ ನಡುಗಿತು. ಕಾಲ ಒಂದಿಷ್ಟು ಏರಿತು, ಒಂದು ಕೂದಲೆಳೆ ಇಳಿಯಿತು, ಮತ್ತೆ ಏರಿತು. ಈಗ ತಪ್ಪುತ್ತಾರೆ, ಈಗ ತಪ್ಪುತ್ತಾರೆ ಎಂದು ಕಾದೆ. ಯಾರೂ ತಪ್ಪಲಿಲ್ಲ. ಹಾಡುವವರ ಉಸಿರೇನು ನೆಟ್ಟಗೆ ಏರುತ್ತದೆಯೇ? ಅದೂ ಹಾಗೇ ಎಳೆದಾಡಿಕೊಂಡೇ ಏರುವುದು. ಪರದೆಯ ಅಂಕಿ ನೋಡುವುದನ್ನು ಬಿಟ್ಟು ಗಾಯಕಿಯ ಕತ್ತು ನೋಡತೊಡಗಿದೆ. ಚಪ್ಪಾಳೆ ಶುರುವಾಯಿತು. ಎಷ್ಟೋ ತಿಂಗಳ ಮೇಲೆ ಆ ಕಿಟಕಿಗಳು ಅದುರಿದವು.

ಕೊನೆಯ ಸಾಲು ಮುಗಿಯಿತು. ಎಲ್ಲರೂ ಉಸಿರು ಬಿಟ್ಟರು. ನಾನು ಖುಷಿಯಲ್ಲಿ ಮೈಮರೆತು, ಗೆಣ್ಣಿನ ಬದಲು ಬೆರಳನ್ನೇ ಚಾಚಿ ನಿಲ್ಲಿಸುವ ಗುಂಡಿ ಒತ್ತಿದೆ. ಶುರುಮಾಡುವ ಗುಂಡಿಯೂ ಅದೇ. ಬೆರಳು ಎರಡು ಸಲ ಒತ್ತಿತು. ಪೆಟ್ಟಿಗೆ ನಿಂತು, ಒಂದು ಚಿಟಿಕೆಯ ಹೊತ್ತಿನಲ್ಲಿ ಮತ್ತೆ ಮೊದಲ ಮನೆಯಿಂದ ಹೊರಟಿತು.

ನಿಲ್ಲಿಸಲು ಮತ್ತೆ ಕೈ ಚಾಚಿದೆ. ಅಷ್ಟರಲ್ಲಿ ಗಾಯಕಿ ಕಣ್ಣು ಕೆಕ್ಕರಿಸಿ ಪಲ್ಲವಿ ಎತ್ತಿಕೊಂಡೇಬಿಟ್ಟರು, ಹಿಂದೆಯೇ ಎಲ್ಲರೂ. ಇನ್ನೊಂದು ಸುತ್ತು ಪೂರ್ತಿ ಹಾಡಿದರು. ಆಮೇಲೆ ನಾನು ಮುಷ್ಟಿ ಮಾಡಿ ಜಾಗ್ರತೆಯಾಗಿ ನಿಲ್ಲಿಸಿದೆ.

“ಹುಟ್ಟುಗುಣ ಸುಟ್ರೂ ಹೋಗೂದಿಲ್ಲ ನೋಡ್ರಿ ನಿಮ್ದು,” ಎಂದರು ಗಾಯಕಿ, ಎಲ್ಲರಿಗೂ ಕೇಳುವ ಹಾಗೆ. “ಮುಗದದ್ದನ್ನ ಮುಗ್ಯಾಕ ಬಿಡೂದಿಲ್ಲ.”

ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿ ಬೈಸಿಕೊಂಡೆ. ಬೆರಳು ನಡುಗಿ ಹಾಗಾಯಿತೆಂದು ಹೇಳಲಿಲ್ಲ. ಎದುರಿಗೆ ಕೂತಿದ್ದ ನನ್ನ ಹೆಂಡತಿಗೆ ನಡುಗಿದ್ದು ಯಾವುದು, ನುಡಿಸಿದ್ದು ಯಾವುದು ಎಂದು ಚೆನ್ನಾಗಿ ಗೊತ್ತಿತ್ತು. ಅವಳೂ ಹೇಳಲಿಲ್ಲ.