ರಿಪೇರಿ ಮಾವನ ಹೆಡ್‌ಫೋನ್

ಹೊಸ ಆಂಪ್ಲಿಫೈಯರ್ ಅರ್ಧ ಗಂಟೆ ಓಡಿ ಬೆಚ್ಚಗಾಗುತ್ತಲೇ ಒಂದು ವಾಸನೆ ಬಿಟ್ಟಿತು. ಕಾದ ತವರದ್ದೋ, ರಾಳದ್ದೋ... ಮೂಗಿಗೆ ತಾಗಿದ್ದೇ ತಡ, ಮನಸ್ಸು ಶಿರಸಿ ಪೇಟೆಯ ರಿಪೇರಿ ಮಾವನ ಅಂಗಡಿಗೆ ಹೋಗಿ ಕೂತಿತು.

ಈ ಆಂಪ್ಲಿಫೈಯರ್ ಅಂದರೆ ಊಟದ ಡಬ್ಬಿಯಷ್ಟು ದೊಡ್ಡದು, ಆ ಜಾತಿಯಲ್ಲೇ ಅಗ್ಗದ್ದು. ಕಂಪ್ಯೂಟರಿಗೆ ಸಿಕ್ಕಿಸಿ ಹೆಡ್‌ಫೋನಿನಲ್ಲಿ ಕೇಳುವುದು. ಬೆಳಿಗ್ಗೆಯಿಂದ ನನಗೆ ಬೇರೆ ಕೆಲಸವೇ ಇಲ್ಲ. ಒಂದೇ ತಾಳಮದ್ದಲೆ ರೆಕಾರ್ಡಿಂಗು, ಹೆಡ್‌ಫೋನು ಮಾತ್ರ ಬೇರೆ ಬೇರೆ. ಕಿವಿಯೊಳಗೆ ತುರುಕುವ ಸಣ್ಣದರಲ್ಲಿ ಬರೀ ಸೊಂಯ್ ಅನ್ನುವ ಸದ್ದು. ಕಳೆದ ವರ್ಷ ತಂದ ದೊಡ್ಡದರಲ್ಲಿ ಭಾಗವತರು ಗಂಟಲು ಸರಿಮಾಡಿಕೊಂಡದ್ದೂ ಕೇಳಿತು! ನಾನು ಕುಣಿಯುವುದೊಂದು ಬಾಕಿ. "ಇಪ್ಪದು ಎರಡೇ ಕಿವಿ, ಮೂರು ಹೆಡ್‌ಫೋನ್ ಎಂತಕ್ಕೆ?" ಅಂದರು ನಮ್ಮನೆಯವರು. ಮೂರನೆಯದು ಮಾವನದ್ದು.

ಸಂಬಂಧದಲ್ಲಿ ಮಾವನಲ್ಲ, ಪೇಟೆಗೆಲ್ಲ ಅವನು ಮಾವ. ದೂರದ ಕಿರವತ್ತಿಯ ಢಾಬಾದವರೂ ಟೇಪು ಕೆಟ್ಟರೆ ಬಸ್ಸಿಗೆ ಹಾಕಿ ಇವನಿಗೇ ಕಳಿಸುತ್ತಿದ್ದರು. ರಿಪೇರಿಯಾದ ಯಾವ ಸೆಟ್ಟನ್ನೂ ತನ್ನ ಕಲ್ಲಿನಂಥ ಭಾರದ ಹೆಡ್‌ಫೋನಿನಲ್ಲಿ ಕೇಳದೆ ಅವನು ಕೊಟ್ಟವನಲ್ಲ. ತಾನು ಕೇಳಿದ ಮೇಲೆ ಎದುರಿಗೆ ಇದ್ದವರ ತಲೆಗೂ ಅದನ್ನು ಹಾಕುತ್ತಿದ್ದ. ಇಬ್ಬರೂ ಒಪ್ಪಿದರೆ ಮಾತ್ರ ಕೆಲಸ ಮುಗಿದಂತೆ. ಹಾಡು ಕೇಳುವ ಚಟಕ್ಕೆ ನಾನು ಎಷ್ಟೋ ಸಲ ಆ ಎರಡನೆಯವಳಾಗಿದ್ದೆ.

ಒಮ್ಮೆ ಅವನು ಆ ಹೆಡ್‌ಫೋನಿಗೇ ಹೊಸ ವೈರು ಹಾಕಿದ. ಅಂಗಡಿಯ ಟೇಪ್ ಡೆಕ್ ಕೆಟ್ಟಿತ್ತು. ಹೆಡ್‌ಫೋನಿನ ದಪ್ಪ ಪಿನ್ನಿಗೊಂದು ಸಣ್ಣ ಪಿನ್ನು ಜೋಡಿಸಿ ನನ್ನ ಮೊಬೈಲಿಗೆ ಹಾಕಿ ಕೇಳಿದ. ಮುಖ ಸಪ್ಪಗಾಯಿತು. ತೆಗೆದು ನನ್ನ ತಲೆಗೆ ಹಾಕಿದ.

"ನಿಂಗೆ ಕೇಳ್ತಾ ಇದ್ದಾ, ತಂಗಿ?"

ಎಲ್ಲಿ ಕೇಳುವುದು? ಬಾವಿಯೊಳಗೆ ಯಾರೋ ಗುನುಗಿದ ಹಾಗಿತ್ತು. ಹೆಡ್‌ಫೋನ್ ಸತ್ತಿತು ಅಂದುಕೊಂಡೆ. ಅಷ್ಟು ಪ್ರೀತಿಯ ವಸ್ತು, ಹೊಸ ವೈರು ಬೇರೆ... ಹೇಳಲು ಬಾಯಿ ಬರಲಿಲ್ಲ. "ಚೊಲೋ ಕೇಳ್ತು ಮಾವ" ಅಂದುಬಿಟ್ಟೆ.

ಅವನು ನನ್ನ ತಲೆಯಿಂದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. "ಹಂಗಾರೆ ನನ್ನ ಕಿವಿನೇ ಹೋತು."

ಇಲ್ಲ ಮಾವ, ಸುಳ್ಳು ಹೇಳಿದೆ ಅನ್ನಬೇಕಿತ್ತು. ನಾಚಿಕೆಯಾಯಿತು, ನಾಳೆ ಹೇಳಿದರಾಯಿತು ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಕಿವಿ ಹೋದವನು ಮಂದಿಯ ಸೆಟ್ಟು ಮುಟ್ಟಬಾರದು ಅಂತ ತಿಂಗಳೊಳಗೆ ಅಂಗಡಿ ಮುಚ್ಚಿದ. ಹೆಡ್‌ಫೋನು ನನಗೇ ಕೊಟ್ಟ, ಕೇಳುವವರ ಹತ್ತಿರ ಇರಲಿ ಅಂತ. ಎರಡು ವರ್ಷಕ್ಕೆ ಅವನೂ ಹೋದ.

ಇವತ್ತು ಆ ದಪ್ಪ ಪಿನ್ನು ಆಂಪ್ಲಿಫೈಯರಿಗೆ ನೇರ ಕೂತಿತು. ಗುಂಡಿ ಅರ್ಧ ದಾಟುವವರೆಗೂ ಪಿಸುಮಾತು. ಇನ್ನೂ ತಿರುಗಿಸಿದೆ... ಅಬ್ಬಾ! ಮದ್ದಲೆಯ ಪೆಟ್ಟು ಎದೆಗೇ ಬಿತ್ತು. ಹಿಂದೆ ಯಾರೋ ಕೆಮ್ಮಿದ್ದು, ಕುರ್ಚಿ ಎಳೆದದ್ದು, ಎಲ್ಲ ಕೇಳಿತು. ಮೂರರಲ್ಲಿ ಇದೇ ಮೇಲು.

ಆಮೇಲೆ ಹೊಳೆಯಿತು. ಇಂಥ ಹಳೆಯ ಹೆಡ್‌ಫೋನಿಗೆ ಕಸುವು ಜಾಸ್ತಿ ಬೇಕು. ಮೊಬೈಲಿಗೆ ಅಷ್ಟು ಕಸುವಿಲ್ಲ. ಅಷ್ಟೇ ಸಂಗತಿ. ಅವನ ಕಿವಿ ನೆಟ್ಟಗೇ ಇತ್ತು.

"ನಂಗೂ ಕೇಳ್ತಿಲ್ಲೆ ಮಾವ" ಅಂದಿದ್ದರೆ ಸಾಕಿತ್ತು. ಕನ್ನಡಕ ಏರಿಸಿ, ಪಿನ್ನು, ವೈರು ಎಲ್ಲ ಬಿಚ್ಚಿ ಕೂತು, ಸಂಜೆಯೊಳಗೆ ಕಾರಣ ಹುಡುಕಿ, ನಿನ್ನ ಮೊಬೈಲಿಗೇ ಕಸುವಿಲ್ಲೆ ಅಂತ ನನ್ನನ್ನೇ ಬೈದಿರುತ್ತಿದ್ದ. ಆ ಒಂದು ರಿಪೇರಿ ಮಾಡಲು ನಾನು ಅವನಿಗೆ ಬಿಡಲಿಲ್ಲ.